ಮೂರು ಗಿಗಾಹರ್ಟ್ಸ್ ಮೋಹ

2009ರ ಮಳೆಗಾಲದ ಒಂದು ಶನಿವಾರ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ, ಕಡಿದಾದ ಮೆಟ್ಟಿಲು ಹತ್ತಿ ಹೋಗಬೇಕಾದ ಒಂದು ಮಹಡಿ ಅಂಗಡಿಯಲ್ಲಿ ನಾನು ಎರಡು ಸೆಕೆಂಡ್ ಹ್ಯಾಂಡ್ ಕಂಪ್ಯೂಟರುಗಳ ಎದುರು ನಿಂತಿದ್ದೆ. ಒಂದರಲ್ಲಿ ಪೆಂಟಿಯಂ 4, ವೇಗ 3 ಗಿಗಾಹರ್ಟ್ಸ್. ಇನ್ನೊಂದರಲ್ಲಿ ಕೋರ್ 2 ಡ್ಯುಯೊ, ವೇಗ 1.86. ಎರಡನೆಯದಕ್ಕೆ ಏಳ್ನೂರು ರೂಪಾಯಿ ಹೆಚ್ಚು. ಅಂಗಡಿಯ ಹುಡುಗ, ಇಪ್ಪತ್ತು ದಾಟಿರಲಾರ, "ಅಣ್ಣ, ಇದನ್ನೇ ತಗೊಳ್ಳಿ, ಇದು ಹೊಸ ಮಾಲು" ಎಂದು ಕೋರ್ 2 ಡ್ಯುಯೊದ ಮೇಲೆ ಕೈಯಿಟ್ಟ. ನನಗೆ ನಗು ಬಂತು. ಮೂರು ದೊಡ್ಡದೋ, ಒಂದು ಮುಕ್ಕಾಲು ಚಿಲ್ಲರೆ ದೊಡ್ಡದೋ? ಚಿಕ್ಕ ಸಂಖ್ಯೆಗೆ ಹೆಚ್ಚು ದುಡ್ಡು ಕೊಡುವಷ್ಟು ಪೆದ್ದ ನಾನಲ್ಲ ಎಂದುಕೊಂಡು ಪೆಂಟಿಯಂ 4 ಅನ್ನು ಆಟೋದಲ್ಲಿ ಹಾಕಿಕೊಂಡು ಬಂದೆ.

ಆಗ ನಾನು ಮನೆಯಲ್ಲೇ ಕೂತು ಡಿಟಿಪಿ ಮಾಡುತ್ತಿದ್ದೆ. ನುಡಿಯಲ್ಲಿ ಟೈಪು, ಪೇಜ್‌ಮೇಕರ್‌ನಲ್ಲಿ ಪುಟ. ಪುಟಕ್ಕಿಷ್ಟು ಎಂಬ ಲೆಕ್ಕದ ಸಂಪಾದನೆ, ಹಾಗಾಗಿ ಕಂಪ್ಯೂಟರು ಯೋಚಿಸುತ್ತ ಕೂತರೆ ನನ್ನ ಹೊಟ್ಟೆಗೇ ಹೊಡೆತ. ಆ ಪೆಂಟಿಯಂ ಕೆಟ್ಟುಹೋಗಲಿಲ್ಲ, ನಿಲ್ಲಲೂ ಇಲ್ಲ. ಆದರೆ ಅದರ ಫ್ಯಾನು ಗಿರಣಿಯಂತೆ ಮೊರೆಯುತ್ತಿತ್ತು. ಏಪ್ರಿಲ್ ಬಂದರೆ ಆ ಕೋಣೆಯಲ್ಲಿ ಕೂರಲಾಗುತ್ತಿರಲಿಲ್ಲ. ಚಿತ್ರಗಳಿರುವ ಪುಸ್ತಕವನ್ನು ಪಿಡಿಎಫ್ ಮಾಡಲು ಕೊಟ್ಟು ನಾನು ಹಾಲು ತರಲು ಹೋಗಿ ಬರುತ್ತಿದ್ದೆ. ಎರಡು ವರ್ಷದ ಮೇಲೆ ಗೆಳೆಯನೊಬ್ಬನ ಮನೆಯಲ್ಲಿ ಅದೇ ಪುಸ್ತಕ ಅರ್ಧಕ್ಕಿಂತ ಕಡಿಮೆ ಹೊತ್ತಿನಲ್ಲಿ ಪಿಡಿಎಫ್ ಆದದ್ದನ್ನು ನೋಡಿದೆ. ಅವನ ಕಂಪ್ಯೂಟರು ಯಾವುದೆಂದು ಕೇಳಿದಾಗ ಬಂದ ಉತ್ತರ: ಕೋರ್ 2 ಡ್ಯುಯೊ, 1.86.

ಅಂಗಡಿಯ ಹುಡುಗ ನಿಜ ಹೇಳಿದ್ದ. ತಪ್ಪಿದ್ದು ನನ್ನ ಲೆಕ್ಕ. ಆದರೆ ಆ ಲೆಕ್ಕ ನಾನಾಗಿ ಹುಟ್ಟಿಸಿಕೊಂಡದ್ದಲ್ಲ. ಸಂಖ್ಯೆ ದೊಡ್ಡದಾದರೆ ಯಂತ್ರ ಚುರುಕು ಎಂದು ಇಪ್ಪತ್ತು ವರ್ಷ ಕಾಲ ಜಾಹೀರಾತುಗಳು ನನ್ನಂಥವರಿಗೆ ಕಲಿಸಿದ್ದವು. ಅದು ಹೇಗೆ ನಡೆಯಿತು ಎಂಬುದು ತಿಳಿದಾಗ ಹಳೆಯ ಕಂಪ್ಯೂಟರಿನ ಅಂಗಡಿ ನನಗೆ ಬೇರೆಯಾಗಿಯೇ ಕಾಣತೊಡಗಿತು.

ಮೊದಮೊದಲು ಆ ಲೆಕ್ಕ ಸುಳ್ಳೇನೂ ಆಗಿರಲಿಲ್ಲ. 1981ರ ಆಗಸ್ಟ್‌ನಲ್ಲಿ ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ಮಾರುಕಟ್ಟೆಗೆ ಬಿಟ್ಟಾಗ ಅದರೊಳಗಿದ್ದ ಇಂಟೆಲ್ 8088 ಪ್ರೊಸೆಸರಿನ ವೇಗ 4.77 ಮೆಗಾಹರ್ಟ್ಸ್. ಅಂದರೆ ಒಳಗಿನ ಗಡಿಯಾರ ಸೆಕೆಂಡಿಗೆ 47 ಲಕ್ಷದ 70 ಸಾವಿರ ಸಲ ಮಿಡಿಯುತ್ತಿತ್ತು. ಆಮೇಲೆ 286, 386, 486 ಬಂದವು. ಹೆಸರಿನ ಸಂಖ್ಯೆಯೂ ಏರುತ್ತಿತ್ತು, ಮಿಡಿತದ ಸಂಖ್ಯೆಯೂ ಏರುತ್ತಿತ್ತು, ಕೆಲಸವೂ ಬೇಗ ಆಗುತ್ತಿತ್ತು. ಒಂದೇ ತಳಿಯ ಎರಡು ಪ್ರೊಸೆಸರುಗಳಲ್ಲಿ 33 ಮೆಗಾಹರ್ಟ್ಸಿನದು 25ರದಕ್ಕಿಂತ ನಿಜವಾಗಿ ಚುರುಕು. ಜನ ಈ ಅಳತೆಯನ್ನು ನಂಬಿದರು. ನಂಬದೇ ಇರಲು ಕಾರಣವಿರಲಿಲ್ಲ.

ಆದರೂ ಹೆಸರಿನ ಆಟ ಆಗಲೇ ಶುರುವಾಗಿತ್ತು. 1991ರಲ್ಲಿ ಇಂಟೆಲ್ 486ಎಸ್‌ಎಕ್ಸ್ ಎಂಬ ಅಗ್ಗದ ಪ್ರೊಸೆಸರನ್ನು ತಂದಿತು. ಮೊದಲು ಬಂದಿದ್ದ 486ಡಿಎಕ್ಸ್‌ನಲ್ಲಿ ದಶಾಂಶದ ಲೆಕ್ಕಗಳನ್ನು ಬೇಗ ಮಾಡುವ ಒಂದು ಭಾಗವಿತ್ತು. ಎಸ್‌ಎಕ್ಸ್ ಎಂದರೆ ಅದೇ ಚಿಪ್ಪಿನಲ್ಲಿ ಆ ಭಾಗದ ಬಾಯಿ ಕಟ್ಟಿಹಾಕಿ ಕಡಿಮೆ ಬೆಲೆಗೆ ಮಾರುವುದು. ಆಮೇಲೆ ಆ ಭಾಗ ಬೇಕೆನಿಸಿದವರು 487ಎಸ್‌ಎಕ್ಸ್ ಎಂಬ ಇನ್ನೊಂದು ಚಿಪ್ ಕೊಂಡು ಪಕ್ಕದಲ್ಲಿ ಕೂರಿಸಬಹುದಿತ್ತು. ಆ ಸಹಾಯಕ ಚಿಪ್ ವಾಸ್ತವದಲ್ಲಿ ಇಡಿಯಾದ ಒಂದು 486ಡಿಎಕ್ಸ್! ಅದು ಬಂದು ಕೂತೊಡನೆ ಮೊದಲಿನದನ್ನು ಮಲಗಿಸಿ ಎಲ್ಲ ಕೆಲಸವನ್ನೂ ತಾನೇ ಮಾಡುತ್ತಿತ್ತು. ಕೊಂಡವನು ಮಾತ್ರ ಎರಡೂ ದುಡಿಯುತ್ತಿವೆ ಎಂದುಕೊಂಡಿರುತ್ತಿದ್ದ.

ಅದೇ ವರ್ಷ ಅಮೆರಿಕದ ನ್ಯಾಯಾಲಯವೊಂದು ಇಂಟೆಲ್‌ಗೆ ಬೇಡದ ತೀರ್ಪು ಕೊಟ್ಟಿತು. ಎಎಂಡಿ ಕಂಪನಿ ತಾನೂ 386 ಹೆಸರಿನಲ್ಲಿ ಪ್ರೊಸೆಸರು ಮಾರಹೊರಟಾಗ ಇಂಟೆಲ್ ತಕರಾರು ತೆಗೆದಿತ್ತು. ಆ ಸಂಖ್ಯೆ ಸಾಮಾನ್ಯ ಹೆಸರಾಗಿಬಿಟ್ಟಿದೆ, ಯಾರೊಬ್ಬರ ಸ್ವತ್ತೂ ಅಲ್ಲ ಎಂದಿತು ನ್ಯಾಯಾಲಯ. ಹಾಗಾಗಿ ಐದನೆಯ ತಲೆಮಾರಿಗೆ 586 ಎಂದು ಹೆಸರಿಡುವಂತಿರಲಿಲ್ಲ. ಇಂಟೆಲ್ ಹೆಸರು ಕಟ್ಟಿಕೊಡುವುದನ್ನೇ ಕಸುಬು ಮಾಡಿಕೊಂಡ ಸಂಸ್ಥೆಯೊಂದರ ಮೊರೆಹೊಕ್ಕಿತು. 1993ರ ಮಾರ್ಚ್‌ನಲ್ಲಿ ಬಂದದ್ದು ಪೆಂಟಿಯಂ. ಗ್ರೀಕಿನ 'ಪೆಂಟೆ' ಎಂದರೆ ಐದು. ನಮ್ಮ 'ಪಂಚ'ಕ್ಕೂ ಅದಕ್ಕೂ ಒಂದೇ ಬೇರು. ಪಂಚಾಂಗ, ಪಂಚಾಯಿತಿ, ಪಂಚೆಗಳ ನಡುವೆ ಬದುಕುವ ನಾವು ಆ ಹೆಸರನ್ನು ಅಷ್ಟು ಬೇಗ ಬಾಯಿಗೆ ಹಾಕಿಕೊಂಡದ್ದು ಅದಕ್ಕೇ ಇರಬೇಕು ಎಂದು ನಾನು ತಮಾಷೆಗೆ ಹೇಳುವುದುಂಟು.

ಹೆಸರು ಮನೆಮಾತಾದರೆ ತಪ್ಪೂ ಮನೆಮಾತಾಗುತ್ತದೆ. 1994ರಲ್ಲಿ ವರ್ಜೀನಿಯಾದ ಗಣಿತದ ಮೇಷ್ಟ್ರು ಥಾಮಸ್ ನೈಸ್ಲಿ ಅವಿಭಾಜ್ಯ ಸಂಖ್ಯೆಗಳ ಮೇಲೆ ಕೆಲಸ ಮಾಡುವಾಗ ಪೆಂಟಿಯಂ ಕೆಲವು ಭಾಗಾಕಾರಗಳನ್ನು ತಪ್ಪು ಮಾಡುವುದನ್ನು ಹಿಡಿದರು. 4195835 ಅನ್ನು 3145727ರಿಂದ ಭಾಗಿಸಿದರೆ ಬರಬೇಕಾದದ್ದು 1.33382. ಪೆಂಟಿಯಂ ಕೊಡುತ್ತಿದ್ದದ್ದು 1.33374. ಹಿಂದೆಯಾಗಿದ್ದರೆ ಇದು ಎಂಜಿನಿಯರುಗಳ ನಡುವಿನ ಮಾತಾಗಿ ಮುಗಿಯುತ್ತಿತ್ತು. ಈಗ ಪತ್ರಿಕೆ, ಟೀವಿಗಳಿಗೆ ಹೋಯಿತು. ನಿಮಗೆ ಬೇಕೇಬೇಕು ಎಂದು ತೋರಿಸಿದರೆ ಮಾತ್ರ ಬದಲಿಸಿಕೊಡುತ್ತೇವೆ ಎಂದು ಮೊದಲು ಬಿಗುಮಾನ ತೋರಿದ ಇಂಟೆಲ್ ಡಿಸೆಂಬರಿನಲ್ಲಿ ಕೇಳಿದವರಿಗೆಲ್ಲ ಬದಲಿ ಕೊಡಲು ಒಪ್ಪಿ, ಅದರ ಬಾಬ್ತು 47.5 ಕೋಟಿ ಡಾಲರನ್ನು ನಷ್ಟಕ್ಕೆ ಬರೆದುಕೊಂಡಿತು.

ನನ್ನ ಪೆಂಟಿಯಂ 4ರ ಕತೆ ಇದಾದ ಮೇಲಿನದು. ತೊಂಬತ್ತರ ದಶಕದ ಕೊನೆಗೆ ಇಂಟೆಲ್ ಮತ್ತು ಎಎಂಡಿ ಒಂದು ಗಿಗಾಹರ್ಟ್ಸ್ ಎಂಬ ಗುರುತನ್ನು ಮೊದಲು ಮುಟ್ಟುವವರು ಯಾರು ಎಂದು ಓಟಕ್ಕೆ ಬಿದ್ದವು. 2000ದ ಮಾರ್ಚ್ 6ರಂದು ಎಎಂಡಿ ಮುಟ್ಟಿತು, 8ರಂದು ಇಂಟೆಲ್. ಎರಡು ದಿನದ ಸೋಲು. ಅದೇ ನವೆಂಬರಿನಲ್ಲಿ ಇಂಟೆಲ್ ಪೆಂಟಿಯಂ 4 ಅನ್ನು ಹೊರತಂದಾಗ ಅದರ ಇಡೀ ಕಟ್ಟೋಣವೇ ಗಿಗಾಹರ್ಟ್ಸ್ ಸಂಖ್ಯೆಯನ್ನು ಎತ್ತರಕ್ಕೆ ಏರಿಸಲು ಅನುಕೂಲವಾಗುವಂತಿತ್ತು.

ಇದನ್ನು ತಿಳಿಯಲು ಮನೆಗೆ ಮೋಲ್ಡ್ ಹಾಕುವ ದಿನವನ್ನು ನೆನೆಸಿಕೊಳ್ಳಿ. ಕಾಂಕ್ರೀಟು ಕಲಸುವ ಜಾಗದಿಂದ ಮೇಲಿನ ಮೇಸ್ತ್ರಿಯ ತನಕ ಆಳುಗಳು ಸಾಲಾಗಿ ನಿಂತು ಬಾಂಡ್ಲಿ ದಾಟಿಸುತ್ತಾರೆ. ಹತ್ತು ಜನರಿದ್ದರೆ ಒಬ್ಬೊಬ್ಬರೂ ಮೂರು ಹೆಜ್ಜೆ ಇಡಬೇಕು. ಇಪ್ಪತ್ತು ಜನರಿದ್ದರೆ ಕೈ ಚಾಚಿದರೆ ಸಾಕು, ಬಾಂಡ್ಲಿ ಕೈಯಿಂದ ಕೈಗೆ ಪಟಪಟನೆ ಹಾರುತ್ತದೆ. ಪೆಂಟಿಯಂ III ರಲ್ಲಿ ಇಂಥ ಸಾಲಿನಲ್ಲಿ ಹತ್ತು ಹಂತಗಳಿದ್ದವು. ಪೆಂಟಿಯಂ 4ರಲ್ಲಿ ಇಪ್ಪತ್ತು. 2004ರಲ್ಲಿ ಬಂದ ಪ್ರೆಸ್ಕಾಟ್ ಎಂಬ ಅದರ ಪರಿಷ್ಕೃತ ರೂಪದಲ್ಲಿ ಮೂವತ್ತೊಂದು. ಕೈಗಳು ಚುರುಕಾದವು, ಗಿಗಾಹರ್ಟ್ಸ್ ಏರಿತು. ಆದರೆ ಪ್ರೊಸೆಸರು ಮುಂದೆ ಬರುವ ಕೆಲಸ ಯಾವುದೆಂದು ಅಂದಾಜು ಮಾಡಿ ಸಾಲಿಗೆ ತುಂಬಿಸುತ್ತ ಹೋಗುತ್ತದೆ. ಆ ಅಂದಾಜು ಆಗಾಗ ತಪ್ಪುತ್ತದೆ. ಮೇಲಿನಿಂದ ಮೇಸ್ತ್ರಿ "ಈ ಮಾಲಲ್ಲ, ಬೇರೆ ಬೇಕು" ಎಂದು ಕೂಗಿದರೆ ಸಾಲಿನಲ್ಲಿರುವ ಬಾಂಡ್ಲಿಗಳನ್ನೆಲ್ಲ ಚೆಲ್ಲಬೇಕು. ಸಾಲು ಉದ್ದವಾದಷ್ಟೂ ಚೆಲ್ಲುವ ಮಾಲು ಹೆಚ್ಚು. ಬಂದ ಹೊಸತರಲ್ಲಿ 1.4 ಗಿಗಾಹರ್ಟ್ಸಿನ ಪೆಂಟಿಯಂ 4 ಎದುರು 1 ಗಿಗಾಹರ್ಟ್ಸಿನ ಪೆಂಟಿಯಂ III ಹಲವು ಪರೀಕ್ಷೆಗಳಲ್ಲಿ ಸಮಸಮ ನಿಂತಿತು, ಕೆಲವದರಲ್ಲಿ ಮೀರಿಸಿತು ಕೂಡ. ನನ್ನ ಕೋಣೆಯಲ್ಲಿ ಮೊರೆಯುತ್ತಿದ್ದ 3 ಗಿಗಾಹರ್ಟ್ಸ್ ಪ್ರೆಸ್ಕಾಟ್ ಮೂವತ್ತೊಂದು ಆಳುಗಳ ಸಾಲು. ಹಾಲು ತರಲು ಹೋಗಿ ಬರುವಷ್ಟು ಹೊತ್ತು ಅದು ಏನು ಮಾಡುತ್ತಿತ್ತೆಂದರೆ, ಕೆಲಸದ ಜೊತೆಗೆ ಬಾಂಡ್ಲಿ ಚೆಲ್ಲುವುದನ್ನೂ ಮಾಡುತ್ತಿತ್ತು.

ಎಎಂಡಿ ಈ ನಡುವೆ ಕಷ್ಟಕ್ಕೆ ಸಿಕ್ಕಿತ್ತು. ಅದರ ಅಥ್ಲಾನ್ ಕಡಿಮೆ ಗಿಗಾಹರ್ಟ್ಸಿನಲ್ಲಿ ಹೆಚ್ಚು ಕೆಲಸ ಮಾಡುತ್ತಿತ್ತು, ಆದರೆ ಕೊಳ್ಳುವವರು ನೋಡುತ್ತಿದ್ದದ್ದು ನನ್ನ ಹಾಗೆ ಸಂಖ್ಯೆಯನ್ನು. 2001ರಿಂದ ಅದು ಗಿಗಾಹರ್ಟ್ಸನ್ನು ಹೆಸರಿನಿಂದ ಕೈಬಿಟ್ಟು 1800+ ಎಂಬಂಥ ಹೆಸರಿಡತೊಡಗಿತು. 1800+ ಎಂಬುದರ ನಿಜವಾದ ವೇಗ 1.53 ಗಿಗಾಹರ್ಟ್ಸ್. ಇದು ಮೋಸವೋ, ಮೋಸದ ಅಳತೆಗೆ ಕೊಟ್ಟ ಉತ್ತರವೋ ಎಂದು ಆಗ ಜಗಳಗಳಾದವು. ನನಗೆ ಎರಡನೆಯದೇ ಸರಿ ಎನಿಸುತ್ತದೆ.

ಇಂಟೆಲ್‌ನ ಓಟವನ್ನು ನಿಲ್ಲಿಸಿದ್ದು ಬಿಸಿ. ಟ್ರಾನ್ಸಿಸ್ಟರುಗಳನ್ನು ಕಿರಿದು ಮಾಡಿದಂತೆಲ್ಲ ವಿದ್ಯುತ್ತು ಕಡಿಮೆ ಸಾಕಾಗುತ್ತದೆ ಎಂಬುದು ಅಲ್ಲಿಯವರೆಗಿನ ಅನುಭವ. 90 ನ್ಯಾನೊಮೀಟರಿನ ಪ್ರೆಸ್ಕಾಟ್ ಹೊತ್ತಿಗೆ, ಸುಮ್ಮನೆ ಕೂತಾಗಲೂ ಸೋರಿಹೋಗುವ ವಿದ್ಯುತ್ತೇ ದೊಡ್ಡ ತಲೆನೋವಾಯಿತು. ಅದರ ಮುಂದಿನ ಪೀಳಿಗೆಗೆ ಇಂಟೆಲ್ ಒಳಗೊಳಗೇ ಇಟ್ಟುಕೊಂಡಿದ್ದ ಹೆಸರು ತೇಜಸ್. ಕೇಳಿದರೆ ನಮ್ಮ ತೇಜಸ್ಸೇ ನೆನಪಾಗುತ್ತದೆ. ಬೆಳಕು, ಬೆಂಕಿ, ಕಾವು ಎಲ್ಲ ಅರ್ಥವೂ ಇರುವ ಪದ. ಆ ಕೂಸು ಹುಟ್ಟಲೇ ಇಲ್ಲ. 2004ರ ಮೇ ತಿಂಗಳಲ್ಲಿ ಇಂಟೆಲ್ ಅದನ್ನು ಕೈಬಿಟ್ಟಿತು. ಅಕ್ಟೋಬರಿನಲ್ಲಿ 4 ಗಿಗಾಹರ್ಟ್ಸಿನ ಪೆಂಟಿಯಂ 4 ತರುವ ಮಾತನ್ನೂ ಹಿಂದಕ್ಕೆ ಪಡೆಯಿತು. ಇಂಟೆಲ್ ಮುಖ್ಯಸ್ಥ ಕ್ರೇಗ್ ಬ್ಯಾರೆಟ್ ಸಾವಿರಾರು ಜನರಿದ್ದ ಸಭೆಯೊಂದರಲ್ಲಿ ಮಂಡಿಯೂರಿ ಕ್ಷಮೆ ಕೇಳಿದರು. ಅರ್ಧ ತಮಾಷೆಗೇ ಇರಬಹುದು, ಆದರೂ ಮಂಡಿಯೂರಿದ್ದು ನಿಜ. ಪೆಂಟಿಯಂ 4ರ ಓಟ 3.8ಕ್ಕೆ ನಿಂತಿತು.

ದಾರಿ ಸಿಕ್ಕಿದ್ದು ಇಸ್ರೇಲಿನ ಹೈಫಾದಲ್ಲಿ. ಅಲ್ಲಿನ ಇಂಟೆಲ್ ತಂಡ ಲ್ಯಾಪ್‌ಟಾಪುಗಳಿಗಾಗಿ ಕೆಲಸ ಮಾಡುತ್ತಿತ್ತು. ಬ್ಯಾಟರಿ ಉಳಿಸಬೇಕಾದ್ದರಿಂದ ಅವರು ಗಿಗಾಹರ್ಟ್ಸಿನ ಹಿಂದೆ ಬೀಳುವಂತಿರಲಿಲ್ಲ. ಹಳೆಯ ಪೆಂಟಿಯಂ III ರ ವಂಶವನ್ನೇ ತಿದ್ದಿ 2003ರಲ್ಲಿ ಪೆಂಟಿಯಂ ಎಂ ತಂದರು. ಆ ದಾರಿಯಲ್ಲೇ ಮುಂದುವರಿದು 2006ರ ಜುಲೈನಲ್ಲಿ ಬಂದದ್ದು ಕೋರ್ 2 ಡ್ಯುಯೊ: ಚಿಕ್ಕ ಸಾಲು, ತಂಪು ತಲೆ, ಒಂದೇ ಚಿಪ್ಪಿನಲ್ಲಿ ಎರಡು ಕೋರ್. ಅದರ 1.86 ಗಿಗಾಹರ್ಟ್ಸಿನ ಮಾದರಿ 65 ವಾಟಿನದು. ನನ್ನ ಪ್ರೆಸ್ಕಾಟ್ ಸುಮಾರು 90 ವಾಟ್. ಎಸ್.ಪಿ. ರೋಡಿನ ಆ ಟೇಬಲ್ಲಿನ ಮೇಲೆ ಪಕ್ಕಪಕ್ಕದಲ್ಲಿದ್ದದ್ದು ಸೋತ ದಾರಿ ಮತ್ತು ಗೆದ್ದ ದಾರಿ. ನಾನು ಹೆಚ್ಚು ಬೆಳಗುವ ಬೋರ್ಡು ನೋಡಿ ಸೋತದ್ದನ್ನು ಎತ್ತಿಕೊಂಡು ಬಂದಿದ್ದೆ.

ಇಲ್ಲಿ ಒಂದು ಊರಿನ ಮಾತು. ಅದೇ ಕೋರ್ 2 ಕಾಲದ, ಆರು ಕೋರ್‌ಗಳ ಜಿಯಾನ್ 7400 ಎಂಬ ಸರ್ವರ್ ಪ್ರೊಸೆಸರು ವಿನ್ಯಾಸಗೊಂಡದ್ದು ಬೆಂಗಳೂರಿನ ಇಂಟೆಲ್ ಕೇಂದ್ರದಲ್ಲಿ. 2008ರ ಸೆಪ್ಟೆಂಬರಿನಲ್ಲಿ ಬಂತು. ಅದರಲ್ಲಿ 190 ಕೋಟಿ ಟ್ರಾನ್ಸಿಸ್ಟರುಗಳಿದ್ದವು. ನಾನು ಸಂಖ್ಯೆಗೆ ಮರುಳಾಗಿ ಆಟೋ ಹತ್ತುವ ಹಿಂದಿನ ವರ್ಷ, ಇದೇ ಊರಿನಲ್ಲಿ.

ಗಿಗಾಹರ್ಟ್ಸಿನ ಮಹಿಮೆ ಹೋದಮೇಲೆ ಮಾರುವುದಕ್ಕೆ ಬೇರೆ ಹೆಸರು ಬೇಕಾಯಿತು. 2008ರ ಕೊನೆಗೆ ಐ7, ಮರುವರ್ಷ ಐ5, 2010ರಲ್ಲಿ ಐ3. ಮೂರು, ಐದು, ಏಳು: ಒಳ್ಳೆಯದು, ಇನ್ನೂ ಒಳ್ಳೆಯದು, ಎಲ್ಲಕ್ಕಿಂತ ಒಳ್ಳೆಯದು. ಒಂದೇ ವರ್ಷ ಹುಟ್ಟಿದವುಗಳ ನಡುವೆ ಈ ಶ್ರೇಣಿ ಹೆಚ್ಚುಕಡಿಮೆ ಸರಿ. ಆದರೆ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಹದಿನೈದು ವರ್ಷದ ಮಾಲು ಒಂದೇ ಕಪಾಟಿನಲ್ಲಿರುತ್ತದೆ. ಅಲ್ಲಿ ಐ7 ಎಂಬ ಚೀಟಿಗೆ 2009ರ ನನ್ನ 3 ಗಿಗಾಹರ್ಟ್ಸಿಗಿದ್ದ ಗತಿಯೇ. ಐ5-650 ಎಂಬುದರಲ್ಲಿ ಇರುವುದು ಎರಡೇ ಕೋರ್. ಅದರ ಮರುಪೀಳಿಗೆಯ ಐ5-2400ರಲ್ಲಿ ನಾಲ್ಕು. 486ಎಸ್‌ಎಕ್ಸ್‌ನ ಹಳೆಯ ಚಾಳಿಯೂ ಹೋಗಿರಲಿಲ್ಲ. 2010ರಲ್ಲಿ ಇಂಟೆಲ್ ಅಗ್ಗದ ಪೆಂಟಿಯಂ ಒಂದರ ಕೆಲವು ಶಕ್ತಿಗಳಿಗೆ ಬೀಗ ಹಾಕಿ ಮಾರಿ, ಬೀಗ ತೆಗೆಯುವ ಸಂಕೇತವಿರುವ ಕಾರ್ಡನ್ನು 50 ಡಾಲರಿಗೆ ಬೇರೆಯಾಗಿ ಮಾರಿತು. ಜನ ಉಗಿದರು, ಮರುವರ್ಷ ನಿಂತಿತು.

ದನದ ಜಾತ್ರೆಗೆ ಹೋದವರಿಗೆ ಗೊತ್ತು, ತಿಳಿದ ರೈತ ಮೊದಲು ನೋಡುವುದು ಹಲ್ಲು. ಕೊಂಬಿಗೆ ಬಳಿದ ಬಣ್ಣ, ಕೊರಳ ಗೆಜ್ಜೆ, ದಲ್ಲಾಳಿಯ ಮಾತು ಎಲ್ಲ ಆಮೇಲೆ. ಬಾಯಿ ತೆರೆದು ಎರಡು ಹಲ್ಲಿನದೋ ನಾಲ್ಕು ಹಲ್ಲಿನದೋ ಎಂದು ನೋಡಿಕೊಂಡ ಮೇಲೇ ಟವೆಲ್ಲಿನ ಕೆಳಗೆ ಬೆರಳು ಹಿಡಿಯುವುದು. ಇಂಟೆಲ್ ಪ್ರೊಸೆಸರಿನ ಹಲ್ಲು ಇರುವುದು ಅಡ್ಡಗೆರೆಯ ಆಚೆ. ಐ5-2400ರಲ್ಲಿ ಗೆರೆಯಾಚೆಯ ಮೊದಲ 2 ಅಂದರೆ ಎರಡನೆಯ ಪೀಳಿಗೆ, 2011ರ ಹುಟ್ಟು. ಐ5-4570 ನಾಲ್ಕನೆಯದು, 2013. ಐ5-6500 ಆರನೆಯದು, 2015. ಐ5-10400 ಎಂದು ಐದಂಕಿಯಿದ್ದರೆ ಹತ್ತನೆಯದು, 2020. ಐ5-650ರಂತೆ ಮೂರೇ ಅಂಕಿಯಿದ್ದರೆ ಅದು ಎಲ್ಲಕ್ಕಿಂತ ಮುದಿ. ಚೀಟಿಯನ್ನು ನಂಬಬೇಕಿಲ್ಲ, ಚೀಟಿ ಯಾರು ಬೇಕಾದರೂ ಅಂಟಿಸಬಹುದು. ಕಂಪ್ಯೂಟರು ಆನ್ ಮಾಡಿಸಿ ಟಾಸ್ಕ್ ಮ್ಯಾನೇಜರಿನಲ್ಲಿ ಹೆಸರು ಓದಿಕೊಂಡರಾಯಿತು.

2025ರ ನವೆಂಬರಿನಲ್ಲಿ ಅಕ್ಕನ ಮಗಳ ಜೊತೆ ಮತ್ತೆ ಅದೇ ರೋಡಿಗೆ ಹೋದೆ. ಅವಳು ಕನ್ನಡ ಎಂ.ಎ. ಮುಗಿಸಿ ತತ್ವಪದಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾಳೆ. ಬರುವ ಸಂಬಳ ಏನೂ ಇಲ್ಲ, ಟ್ಯೂಷನ್ ಹೇಳಿ ಕೂಡಿಟ್ಟದ್ದು ಹನ್ನೆರಡು ಸಾವಿರ. ಅಷ್ಟರಲ್ಲಿ ಪ್ರಬಂಧ ಮುಗಿಯುವ ತನಕ ಬಾಳುವ ಒಂದು ಡೆಸ್ಕ್‌ಟಾಪ್ ಆಗಬೇಕು. ಇನ್ನೊಂದು ಸಲ ಕೊಳ್ಳುವ ಮಾತಿಲ್ಲ.

ಅಂಗಡಿಗಳಲ್ಲಿ ಮಾಲು ತುಂಬಿ ತುಳುಕುತ್ತಿತ್ತು. ಇಂಥ ಮಾಲು ಬಹುಪಾಲು ಬರುವುದು ಕಂಪನಿ ಆಫೀಸುಗಳಿಂದ. ಮೂರು, ನಾಲ್ಕು, ಐದು ವರ್ಷಕ್ಕೊಮ್ಮೆ ಅವು ಹಳೆಯದನ್ನು ಲಾಟಿನ ಲೆಕ್ಕದಲ್ಲಿ ಹೊರಹಾಕುತ್ತವೆ. ಜೊತೆಗೆ ಆ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಕೈಬಿಟ್ಟಿತ್ತು. ವಿಂಡೋಸ್ 11 ಕಂಪನಿಯ ಲೆಕ್ಕದ ಪ್ರಕಾರ ನಡೆಯುವುದು ಎಂಟನೆಯ ಪೀಳಿಗೆಯಿಂದೀಚಿನ ಇಂಟೆಲ್ ಪ್ರೊಸೆಸರುಗಳ ಮೇಲೆ ಮಾತ್ರ. ಹಾಗಾಗಿ ಇನ್ನೂ ಗಟ್ಟಿಯಾಗಿದ್ದ ಆರು, ಏಳನೆಯ ಪೀಳಿಗೆಯ ಯಂತ್ರಗಳು ಒಂದು ದಿನದಲ್ಲಿ ಹಳತಾಗಿ ಬೀದಿಗೆ ಬಿದ್ದಿದ್ದವು. ಪ್ರೊಸೆಸರು ಎಂಬುದು ಸುಲಭಕ್ಕೆ ಸಾಯುವ ವಸ್ತುವಲ್ಲ. ಮದರ್‌ಬೋರ್ಡಿನ ಕೆಪ್ಯಾಸಿಟರ್ ಉಬ್ಬಬಹುದು, ಪವರ್ ಸಪ್ಲೈ ಸುಡಬಹುದು, ಡಿಸ್ಕ್ ಕೈಕೊಡಬಹುದು. ಪ್ರೊಸೆಸರು ಬಹುತೇಕ ಎಲ್ಲಕ್ಕಿಂತ ಹೆಚ್ಚು ದಿನ ಬದುಕುತ್ತದೆ. ಅದನ್ನು ಮುದಿಯಾಗಿಸುವುದು ಇಂಥ ಹೊರಗಿನ ತೀರ್ಮಾನಗಳೇ.

ಅಂಗಡಿಯವರು ಎರಡು ತೋರಿಸಿದರು. ಒಂದು ಐ7-2600, ಇನ್ನೊಂದು ಐ3-8100. ಬೆಲೆಯಲ್ಲಿ ಐ3 ಒಂದೂವರೆ ಸಾವಿರ ಜಾಸ್ತಿ.

"ಮಾವ, ಐ7 ಕಡಿಮೆಗೆ ಸಿಗ್ತಿದೆಯಲ್ಲ" ಎಂದಳು ಮೆಲ್ಲಗೆ, ಅಂಗಡಿಯವರಿಗೆ ಬೆಲೆ ತಪ್ಪಾಗಿದೆಯೇನೋ ಎಂಬ ಹಾಗೆ. ಹದಿನಾರು ವರ್ಷದ ಹಿಂದಿನ ನನ್ನ ಮುಖವೇ ಎದುರು ಬಂದು ನಿಂತಂತಾಯಿತು.

ಹಲ್ಲು ಎಣಿಸಿ ತೋರಿಸಿದೆ. ಐ7-2600 ಎರಡನೆಯ ಪೀಳಿಗೆ, 2011ರದು, 95 ವಾಟ್. ಅದರ ಕಾಲಕ್ಕೆ ರಾಜ. ಅದಾದ ಮೇಲೆ ಆರು ವರ್ಷ ಇಂಟೆಲ್‌ನ ಸಾಧಾರಣ ಡೆಸ್ಕ್‌ಟಾಪ್ ಪ್ರೊಸೆಸರು ನಾಲ್ಕು ಕೋರ್ ದಾಟಲಿಲ್ಲ, ದಾಟಬೇಕಾದ ಜರೂರೂ ಅದಕ್ಕೆ ಕಾಣಲಿಲ್ಲ. 2017ರ ಮಾರ್ಚ್‌ನಲ್ಲಿ ಎಎಂಡಿ ಎಂಟು ಕೋರ್‌ಗಳ ರೈಜನ್ ತಂದು ಮುಟ್ಟಿ ನೋಡಿಕೊಳ್ಳುವಂತೆ ಮಾಡಿತು. ಅದೇ ಅಕ್ಟೋಬರಿನಲ್ಲಿ ಇಂಟೆಲ್‌ನ ಎಂಟನೆಯ ಪೀಳಿಗೆ ಡೆಸ್ಕ್‌ಟಾಪಿಗೆ ಬಂದಾಗ ಐ5ಕ್ಕೆ ಆರು ಕೋರ್, ಐ3ಕ್ಕೂ ನಾಲ್ಕು. ಹೆಸರಿಗೆ ಐ3 ಆದರೂ ಐ3-8100 ಹಿಂದಿನ ಪೀಳಿಗೆಯ ಐ5ಗಳಿಗೆ ಸರಿಸಾಟಿ. 65 ವಾಟಿನಲ್ಲಿ, ಬಹುತೇಕ ದಿನನಿತ್ಯದ ಕೆಲಸಗಳಲ್ಲಿ ಆ ಹಳೆಯ ಐ7ಗಿಂತ ಮುಂದು. ಯೂಟ್ಯೂಬಿನ ವಿಡಿಯೊಗಳನ್ನು ಬಿಡಿಸಿ ತೋರಿಸುವ ಅಂಗವೂ ಅದರೊಳಗೇ ಇದೆ. 2011ರದು ಆ ಕೆಲಸಕ್ಕೂ ಬೆವರು ಸುರಿಸಬೇಕು. ವಿಂಡೋಸ್ 11ರ ಗೆರೆಯ ಈಚೆಗೂ ಬರುತ್ತದೆ.

ಆ ಗೆರೆಯನ್ನು ಇಷ್ಟೊಂದು ಗೌರವಿಸಬೇಕೇ ಎಂದು ನನ್ನನ್ನೇ ಕೇಳಿಕೊಂಡದ್ದುಂಟು. ನಾನು ಈ ಲೇಖನ ಬರೆಯುತ್ತಿರುವುದು ಐ5-2400 ಇರುವ ಯಂತ್ರದಲ್ಲಿ, ಲಿನಕ್ಸ್ ಹಾಕಿಕೊಂಡು. ಕಗಪ ಕೀಲಿಮಣೆ ಅದರಲ್ಲಿ ಹಾಗೇ ಬರುತ್ತದೆ, ಯಾವುದನ್ನೂ ಹಾಕಿಕೊಳ್ಳಬೇಕಿಲ್ಲ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಕೂರಿಸಿ, 8 ಜಿಬಿ ರ್‍ಯಾಮ್ ಮಾಡಿದ ಮೇಲೆ ಬರವಣಿಗೆಗೆ ಪ್ರೊಸೆಸರಿನ ಹಂಗೇ ಇಲ್ಲದಂತಾಗಿದೆ. ಅವಳೂ ಲಿನಕ್ಸಿಗೆ ಬಂದಿದ್ದರೆ ಆ ಬೀದಿಗೆ ಬಿದ್ದ ಐ5-6500ಗಳಲ್ಲಿ ಒಂದನ್ನು ಇನ್ನೂ ಅಗ್ಗಕ್ಕೆ ತರಬಹುದಿತ್ತು. ಆದರೆ ಅವಳ ಗೈಡ್ ಹತ್ತು ವರ್ಷದಿಂದ ಕೂಡಿಟ್ಟು ಕೊಟ್ಟಿರುವ ತತ್ವಪದಗಳ ಕಡತಗಳೆಲ್ಲ ನುಡಿಯ ಹಳೆಯ ಸಂಕೇತದಲ್ಲಿವೆ. ಕೆಲವು ಪೇಜ್‌ಮೇಕರ್‌ನಲ್ಲಿ. ವಿಂಡೋಸ್ ಇಲ್ಲದೆ ಅವಳಿಗೆ ಆಗುವುದಿಲ್ಲ.

ಐ3 ಯಂತ್ರವನ್ನು ಆನ್ ಮಾಡಿಸಿದೆವು. ಟಾಸ್ಕ್ ಮ್ಯಾನೇಜರ್ ತೆರೆದು ಹೆಸರನ್ನು ಅವಳೇ ಗಟ್ಟಿಯಾಗಿ ಓದಿದಳು, ಅಡ್ಡಗೆರೆಯಾಚೆಯ ಎಂಟನ್ನು ಬೆರಳಿಟ್ಟು. ಅರ್ಧ ಗಂಟೆ ಓಡಿಸಿ ಬಿಸಿ, ಸದ್ದು ನೋಡಿದೆವು. ಫ್ಯಾನು ಕೇಳಿಸಲೇ ಇಲ್ಲ. ಹನ್ನೊಂದೂವರೆ ಸಾವಿರಕ್ಕೆ ಇಳಿಸಿ, ಬಿಲ್ಲಿನ ಮೇಲೆ ಪ್ರೊಸೆಸರಿನ ಪೂರ್ತಿ ಹೆಸರು ಬರೆಸಿ, ಮೂರು ತಿಂಗಳ ವಾರಂಟಿಯ ಸೀಲು ಹಾಕಿಸಿಕೊಂಡೆವು. ನಾನು ಇಷ್ಟು ಹೊತ್ತು ಹೇಳಿದ ಮೂವತ್ತು ವರ್ಷದ ಚರಿತ್ರೆಯನ್ನೆಲ್ಲ ತಾಳ್ಮೆಯಿಂದ ಕೇಳಿದ್ದ ಹುಡುಗಿ ಆಟೋ ಹತ್ತುವಾಗ ಡಬ್ಬವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೇಳಿದಳು: "ಅದೆಲ್ಲ ಸರಿ ಮಾವ, ಇದರಲ್ಲಿ ನುಡಿ ಓಡುತ್ತೆ ತಾನೇ?"